ದೇವರ ಮನೆಯ ಕೈಪಿಡಿ

ಕಳಸ
3 ನವೆಂಬರ್ 2004

ಪ್ರೀತಿಯ ವೆಂಕಟರಾಮ,

ಧಾರವಾಡದಲ್ಲಿ ಕೂತು ಪಾಲಿಟೆಕ್ನಿಕ್ ಹುಡುಗರಿಗೆ ಪಾಠ ಹೇಳುವ ನಿನಗೆ ಈ ಯಾಕೂಬನ ಸಲಾಮು. ಮೊದಲು ಖರ್ಚು ಹೇಳಿಬಿಡುತ್ತೇನೆ, ಕ್ಷೇಮ ಸಮಾಚಾರ ಆಮೇಲೆ. ನಾವಿಬ್ಬರೂ ಸೇರಿ ನಿನ್ನ ಅಕ್ಕ ಅಂಬುಜಕ್ಕನ ಮನೆಯ ಹಳ್ಳಕ್ಕೆ ಕೂರಿಸಿದ ಟರ್ಬೈನ್ ಇತ್ತಲ್ಲ, ಅದರ ಚಕ್ರ ಹೋಯಿತು. ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ಸುಟ್ಟು ಕರಿ ಬದನೆಕಾಯಿಯಾಯಿತು. ಅಕ್ಕನ ಊರು ಹಡ್ಲುಮನೆಯ ನಾಲ್ಕೂ ಮನೆಗಳ ಬಲ್ಬುಗಳು, ಎರಡು ಟಿವಿ, ಒಂದು ಮಿಕ್ಸಿ. ಕಾಫಿ ಕಣದ ಹೊಸ ಟಾರ್ಪಲ್ ಒಂದು. ನಿನ್ನ ಅಕ್ಕನ ಇಷ್ಟು ವರ್ಷದ ಮಡಿ. ನಿನ್ನ ಪುಸ್ತಕದ ಮಾನ. ಮೆಷಿನ್ ನೋಡಿಕೊಳ್ಳುವ ಬೊಮ್ಮಯ್ಯನ ಲೆಕ್ಕವನ್ನು ಇಲ್ಲಿ ಬರೆಯುವುದಿಲ್ಲ, ಅದು ಮುಂದೆ ಬರುತ್ತದೆ.

ಅಂಬುಜಕ್ಕ ಫೋನಿನಲ್ಲಿ ಎಲ್ಲ ಸೌಖ್ಯ ಅಂದಿರುತ್ತಾರೆ. ಅವರ ಬಾಯಲ್ಲಿ ಮನೆಯ ಮಾಡು ಹಾರಿಹೋದರೂ ಸ್ವಲ್ಪ ಗಾಳಿಯೇ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಆವತ್ತು ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆರೆದು ಯಾರದೋ ಕಾಫಿ ಹಣ್ಣು ಸುಲಿಯುವ ಪಲ್ಪರಿನ ಬೇರಿಂಗ್ ಬಿಚ್ಚುತ್ತಿದ್ದೆ. ನಿನ್ನ ಸೋದರಳಿಯ ರವಿಶಂಕರನ ಫೋನು ಬಂತು. ಮಾತಿಗಿಂತ ಮೊದಲು ಹಿಂದಿನಿಂದ ಒಂದು ಸದ್ದು ಕೇಳಿತು, ಯಾರೋ ಹಂದಿಯನ್ನು ಹಿಡಿದು ಕಟ್ಟಿದ ಹಾಗೆ. ಯಾಕೂಬಣ್ಣ, ಮೆಷಿನ್ ಕೂಗ್ತಾ ಇದೆ, ಲೈನಿನ ಮೇಲೆ ಮರದ ಕೊಂಬೆ ಬಿತ್ತು, ಮನೇಲಿ ಬಲ್ಬೆಲ್ಲ ಪಟಪಟ ಒಡೀತು ಅಂದ. ನನಗೆ ಅರ್ಥವಾಯಿತು. ತಂತಿ ಕಡಿದಿದೆ, ಕರೆಂಟು ತಿನ್ನುವವರಿಲ್ಲ, ಹೊರೆ ಇಳಿಸಿದ ಕತ್ತೆಯ ಹಾಗೆ ಚಕ್ರ ಓಡುತ್ತಿದೆ. ಹೆದರಬೇಡ, ವಾಲ್ವನ್ನು ಮೆಲ್ಲಗೆ ಮುಚ್ಚಿಸು ಅನ್ನುವಷ್ಟರಲ್ಲಿ ಅವನೇ ಹೇಳಿದ, ಆಗಲೇ ಬೊಮ್ಮಯ್ಯನ್ನ ಕಳಿಸಿದೀನಿ, ಓಡಿ ಹೋಗಿ ಬೇಗ ಬಂದ್ ಮಾಡು ಅಂತ ಹೇಳಿದೀನಿ ಅಂತ.

ಬೇಗ. ಆ ಒಂದು ಮಾತಿಗೆ ಬೇರಿಂಗನ್ನು ಅಲ್ಲೇ ಬಿಟ್ಟು ಎದ್ದೆ. ಅಷ್ಟೆತ್ತರದಿಂದ ಇಳಿದು ಬರುವ ನೀರನ್ನು ಗಬಕ್ಕನೆ ತಡೆದರೆ ಅದು ಎಲ್ಲಿಗೆ ಹೋಗಬೇಕು? ಪೈಪನ್ನೇ ಒದೆಯುತ್ತದೆ. ನಮ್ಮ ಮೊದಲ ಮೆಷಿನ್ ಆಳು ಲಕ್ಕಯ್ಯನಿಗೆ ಇದನ್ನು ನಾನೇ ಬಾಯಿಪಾಠ ಮಾಡಿಸಿದ್ದೆ. ಲಕ್ಕಯ್ಯ ಕೆಲಸ ಬಿಟ್ಟು ಮಗಳ ಊರು ಸೇರಿ ಎಷ್ಟೋ ವರ್ಷವಾಯಿತು. ಅವನು ಬೊಮ್ಮಯ್ಯನಿಗೆ ಬೀಗದ ಕೈ ಕೊಟ್ಟು ಹೋದ, ಬಾಯಿಪಾಠ ಕೊಟ್ಟು ಹೋಗಲಿಲ್ಲ.

ಜೀಪಿನಲ್ಲಿ ಹೋದೆ. ದಾರಿಯಲ್ಲಿ ಎಷ್ಟು ಗುಂಡಿ ಹಾರಿದೆನೋ ದೇವರೇ ಬಲ್ಲ. ಹೋಗುವಷ್ಟರಲ್ಲಿ ಕೂಗು ನಿಂತಿತ್ತು. ಅದಕ್ಕಿಂತ ಕೆಟ್ಟದ್ದು ಶುರುವಾಗಿತ್ತು. ವಾಲ್ವಿಗಿಂತ ಮುಂಚಿನ ಜಾಯಿಂಟು ಸಿಡಿದು, ಕೋಣೆಯ ಒಳಗೆ, ಬಾಗಿಲಿಗೆ ಅಡ್ಡಲಾಗಿ ನೀರು ಹಾರುತ್ತಿತ್ತು. ನೀರು ಅಂದರೆ ತಪ್ಪಾಗುತ್ತದೆ, ಬಿಳಿ ಕಬ್ಬಿಣದ ಸಲಾಕೆ. ರವಿ ಒಂದು ಗುದ್ದಲಿಯ ಮರದ ಹಿಡಿ ಚಾಚಿ ನೋಡಿದ್ದನಂತೆ, ಅದು ಅವನ ಕೈಯಿಂದ ಕಿತ್ತು ಎದುರಿನ ಗೋಡೆಗೆ ಹೊಡೆದು ಎರಡು ತುಂಡಾಯಿತಂತೆ. ಬೊಮ್ಮಯ್ಯ ಒಳಗಿದ್ದ. ಸಲಾಕೆಯ ಆಚೆ, ಮೂಲೆಯಲ್ಲಿ, ಮೆಷಿನ್ ಕಟ್ಟೆಯ ಮೇಲೆ.

ಆ ಕೋಣೆ ನಿನಗೆ ನೆನಪಿದೆಯಲ್ಲ? ಇನ್ನೊಂದು ಆಳುದ್ದ ಕೆಳಗಿಳಿದರೆ ಇನ್ನಷ್ಟು ಕರೆಂಟು ಸಿಗುತ್ತದೆ ಅಂತ ನೀನು ಹಠ ಹಿಡಿದು ನೆಲ ತೋಡಿಸಿದೆ. ಹೊಸ್ತಿಲು ಮೇಲೆ, ನೆಲ ಒಂದಾಳು ಕೆಳಗೆ. ನೀರು ಹೊರಗೆ ಹೋಗುವ ಕಾಲುವೆಗೆ ಒಡೆದ ಬಾಗಿಲ ಹಲಗೆ, ಬೆಲ್ಟು, ಕಸ ಎಲ್ಲ ಸೇರಿ ಮುಚ್ಚಿಕೊಂಡಿತ್ತು. ಕೋಣೆ ತುಂಬುತ್ತಿತ್ತು ವೆಂಕಟರಾಮ. ನಾನು ಗೋಡೆಯ ಕಿಂಡಿಯಿಂದ ಇಣುಕಿದಾಗ ಕಟ್ಟೆಯ ಮೇಲೆ ನಿಂತವನ ಮೊಣಕಾಲು ಮುಳುಗಿತ್ತು. ಒಂದು ಕೈ ಜೋತಾಡುತ್ತಿತ್ತು. ಬೊಮ್ಮಯ್ಯಾ ಅಂತ ಕೂಗಿದೆ. ಅವನು ತಿರುಗಿ ನೋಡಲೇ ಇಲ್ಲ. ಆ ಕಿಂಡಿಯಲ್ಲಿ ಬೆಕ್ಕು ಕೂಡ ತೂರುವುದಿಲ್ಲ. ಗೋಡೆ ಒಡೆಯೋಣ ಅಂದರೆ ಮೂರು ಕಡೆ ಗುಡ್ಡ, ಉಳಿದ ಒಂದು ಕಡೆ ಆ ಸಲಾಕೆ.

ಮೇಲಿನಿಂದ ನೀರು ನಿಲ್ಲಿಸಬೇಕು, ಬೇರೆ ದಾರಿಯಿಲ್ಲ. ಪೈಪಿನ ತಲೆಯ ತೊಟ್ಟಿಗೆ ಹೋಗಿ ತಡೆಹಲಗೆ ಇಳಿಸಿ ಅಂತ ನಾನು ಕೂಗಿದರೆ ರವಿಯ ಮುಖ ಬಿಳಿಚಿಕೊಂಡಿತು. ಆ ತೊಟ್ಟಿ ಈಗಿಲ್ಲ ಯಾಕೂಬಣ್ಣ, ಸ್ಪ್ರಿಂಕ್ಲರಿಗೆ ಅಂತ ಅದನ್ನೇ ಸೇರಿಸಿ ಕೆರೆ ಮಾಡಿಸಿದೆ ಅಂದ. ಯಾವಾಗ ಅಂದೆ. ಹೋದ ವರ್ಷದ ಹಿಂದಿನ ವರ್ಷ. ನಿನಗೆ ಹೇಳಿದ್ದನಾ? ನನಗೂ ಇಲ್ಲ. ಎಲ್ಲೂ ಬರೆದಿಡಲೂ ಇಲ್ಲ. ನಮ್ಮ ಪೈಪಿನ ಬಾಯಿ ಈಗ ಎರಡಾಳು ಕೆಂಪು ನೀರಿನ ತಳದಲ್ಲಿದೆ, ಎಲ್ಲಿ ಅಂತ ತೋಡಿಸಿದವನಿಗೂ ಗೊತ್ತಿಲ್ಲ.

ಆಗ ನೆನಪಾಯಿತು, ನಡುವೆ ಇನ್ನೊಂದು ವಾಲ್ವ್ ಇದೆ. ಪೈಪು ಹೂಳುವಾಗ ತುರ್ತಿಗೆ ಬೇಕಾಗುತ್ತದೆ ಅಂತ ನೀನು ಹಾಕಿಸಿದ್ದು, ಅದು ದಂಡ ಅಂತ ನಾನು ಜಗಳವಾಡಿದ್ದು. ತೋಟದ ಮಧ್ಯೆ ಎಲ್ಲೋ ಚಪ್ಪಡಿ ಕಲ್ಲಿನ ಕೆಳಗೆ. ಎಲ್ಲೋ ಅಂದರೆ ಎಲ್ಲಿ? ಅದರ ಮೇಲೆ ಎಂಟು ವರ್ಷದ ಒಣ ಎಲೆಯ ದರಗು ಬಿದ್ದಿದೆ, ಕಾಫಿ ಗಿಡ ಕೈಕೈ ಹಿಡಿದುಕೊಂಡಿವೆ. ನನಗೆ ಗುರುತು ಸಿಗಲಿಲ್ಲ. ಪುಸ್ತಕ ತಾ ಅಂತ ಕೂಗಿದೆ. ನಿನ್ನ ಪುಸ್ತಕ. ಚಿಕ್ಕಮಗಳೂರಿನಲ್ಲಿ ಕೆಂಪು ರೆಕ್ಸಿನ್ ಹಾಕಿಸಿ, ಬಂಗಾರದ ಅಕ್ಷರದಲ್ಲಿ ನಿರ್ಮಾಣ, ನಿರ್ವಹಣೆ ಹಾಗೂ ದುರಸ್ತಿ ಕೈಪಿಡಿ ಅಂತ ಬರೆಸಿದ್ದು. ಒಂದೇ ಒಂದು ಪ್ರತಿ.

ಮನೆಗೆ ಓಡಿದೆವು. ಇನ್ನು ಮುಂದಿನದ್ದನ್ನು ನೀನು ನಂಬುವುದಿಲ್ಲ. ನಾನು ಕಣ್ಣಾರೆ ಕಂಡವನು, ನನಗೇ ನಂಬಿಕೆ ಬರುತ್ತಿಲ್ಲ.

ಪುಸ್ತಕ ದೇವರ ಮನೆಯಲ್ಲಿತ್ತು. ಮೊದಲ ವರ್ಷ ಆಯುಧ ಪೂಜೆಗೆ ಮೆಷಿನ್ನಿಗೆ ಹೂ ಹಾಕುವಾಗ ಯಾರಿಗೋ ಅನ್ನಿಸಿತಂತೆ, ಮೆಷಿನ್ನಿನ ವಿದ್ಯೆಯೆಲ್ಲ ಈ ಪುಸ್ತಕದಲ್ಲಿದೆಯಲ್ಲ, ಇದೂ ಆಯುಧವೇ ಅಂತ. ಅವತ್ತು ಒಳಗೆ ಹೋದದ್ದು ಮತ್ತೆ ಹೊರಗೆ ಬರಲಿಲ್ಲ. ವರ್ಷಕ್ಕೊಂದು ಸಲ ಕುಂಕುಮ, ಅಕ್ಷತೆ, ತೀರ್ಥದ ಪ್ರೋಕ್ಷಣೆ, ಮತ್ತೆ ಕೆಂಪು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಸಾಲಿಗ್ರಾಮದ ಪಕ್ಕ. ಯಾರೂ ಬಿಡಿಸಿ ಓದಿಲ್ಲ. ಇಷ್ಟು ಜೋಪಾನವಾಗಿ ಇಟ್ಟ ಪುಸ್ತಕ ಈ ಜಿಲ್ಲೆಯಲ್ಲೇ ಇಲ್ಲ ಮಾರಾಯ, ಇಷ್ಟು ಕೆಲಸಕ್ಕೆ ಬಾರದ್ದೂ ಇಲ್ಲ.

ರವಿ ದೇವರ ಮನೆಯ ಹೊಸ್ತಿಲಿನವರೆಗೆ ಓಡಿದವನು ಅಲ್ಲೇ ನಿಂತುಬಿಟ್ಟ. ಸಂಸೆಯ ಅವರ ದಾಯಾದಿಯೊಬ್ಬರು ತೀರಿಕೊಂಡಿದ್ದರು, ಮನೆಗೆಲ್ಲ ಸೂತಕ. ಮುಟ್ಟೋ ಹಾಗಿಲ್ಲ ಯಾಕೂಬಣ್ಣ, ಭಟ್ಟರಿಗೆ ಫೋನ್ ಮಾಡ್ತೀನಿ, ಅವರು ಬಂದು ತೆಗೆದುಕೊಡ್ತಾರೆ ಅಂದ. ಭಟ್ಟರು ಎಲ್ಲಿದ್ದಾರೆ ಅಂತ ಕೇಳಿದೆ. ಹೊರನಾಡಿಗೆ ಹೋಗಿದಾರೆ ಅಂದ. ನಾನು ಅವನ ಮುಖ ನೋಡಿದೆ. ಅವನಿಗೆ ಬುದ್ಧಿ ಇಲ್ಲ ಅಂತಲ್ಲ, ಕೆಟ್ಟವನೂ ಅಲ್ಲ, ಕಾಲು ಅಲ್ಲಿಗೆ ಬಂದು ನಿಲ್ಲುವುದು ಹುಟ್ಟಿದಾಗಿನಿಂದ ಅಭ್ಯಾಸ. ನನ್ನ ಕಾಲೂ ಅಷ್ಟೇ. ಸೂತಕವಿಲ್ಲದವನು ಆ ಮನೆಯಲ್ಲಿ ಆಗ ಇದ್ದದ್ದು ನಾನೊಬ್ಬನೇ, ನಾನೋ ಯಾಕೂಬ. ಪುಸ್ತಕ ಕಣ್ಣಿಗೆ ಕಾಣುತ್ತಿದೆ, ಕೈ ಚಾಚಿದರೆ ಸಿಗುತ್ತದೆ, ಇಬ್ಬರು ಗಂಡಸರು ಕಂಬದ ಹಾಗೆ ನಿಂತಿದ್ದೇವೆ.

ಅಡಿಗೆಮನೆಯಿಂದ ಅಂಬುಜಕ್ಕ ಬಂದರು. ಏನು ಅಂತ ಕೇಳಿದರು. ರವಿ ಹೇಳಿದ. ನಿನ್ನ ಅಕ್ಕ ಎಂಥವರು ಅಂತ ನಿನಗೆ ಗೊತ್ತು, ಮಡಿಯಲ್ಲಿದ್ದಾಗ ನನ್ನ ನೆರಳಿಗೂ ದಾರಿ ತೋರಿಸುತ್ತಿದ್ದವರು. ಅವರು ಮಗನನ್ನು ಒಂದು ಕೈಯಲ್ಲಿ ಪಕ್ಕಕ್ಕೆ ತಳ್ಳಿ ಒಳಗೆ ನಡೆದರು. ಈ ಸೂತಕಕ್ಕಾದ್ರೆ ಹನ್ನೊಂದನೇ ದಿನ ಸ್ನಾನ ಇದೆ, ಅಲ್ಲಿ ಅವನು ಸತ್ರೆ ಯಾವ ಸ್ನಾನ ಮಾಡ್ತೀಯೋ ಹೇಳು ಅಂದರು. ರೇಷ್ಮೆ ಬಟ್ಟೆ ಕಿತ್ತು ಅಲ್ಲೇ ಬಿಸಾಡಿ ಪುಸ್ತಕವನ್ನು ತಂದು ನನ್ನ ಕೈಗೆ ಕೊಟ್ಟರು. ನನ್ನ ಕೈಗೆ. ಗ್ರೀಸು ಮೆತ್ತಿದ ಕೈ. ಕೊಟ್ಟ ಮೇಲೆ ಅವರೂ ಒಮ್ಮೆ ನನ್ನ ಕೈ ನೋಡಿದರು, ನಾನೂ ನೋಡಿದೆ. ಓದು, ನಿಂತ್ಕೊಂಡು ಏನ್ ನೋಡ್ತೀಯಾ ಅಂದರು.

ಓದುವುದೇನು ಬಂತು. ಪ್ರೋಕ್ಷಣೆಯ ತೀರ್ಥಕ್ಕೆ ಹಾಳೆಗಳು ಹಲಸಿನ ಹಪ್ಪಳದ ಹಾಗೆ ಅಂಟಿಕೊಂಡಿದ್ದವು. ಬಿಡಿಸಿದರೆ ಮೊದಲು ಗಣಪತಿ ಸ್ತುತಿ. ಆಮೇಲೆ ಗ್ರಾಮೀಣ ಜೀವನದಲ್ಲಿ ವಿದ್ಯುತ್ತಿನ ಮಹತ್ವ. ಆಮೇಲೆ ನೀರಿನ ಇತಿಹಾಸ. ವೆಂಕಟರಾಮ, ಅಲ್ಲಿ ಒಬ್ಬ ಮುಳುಗುತ್ತಿದ್ದಾನೆ, ಇಲ್ಲಿ ನೀನು ಹಳ್ಳಕ್ಕೆ ಪೀಠಿಕೆ ಹಾಕುತ್ತಿದ್ದೀಯ! ಯಾವುದು ಎಲ್ಲಿದೆ ಅಂತ ಹೇಳುವ ಪರಿವಿಡಿ ಇಲ್ಲ. ವಾಲ್ವನ್ನು ನಿಧಾನವಾಗಿ, ನೂರು ಎಣಿಸುತ್ತಾ ಮುಚ್ಚತಕ್ಕದ್ದು, ಇಲ್ಲದಿದ್ದರೆ ಪೈಪು ಸಿಡಿದು ಪ್ರಾಣಾಪಾಯ ಎಂಬ ಸಾಲು ಸಿಕ್ಕಿತು. ಚಂದದ ಅಕ್ಷರ, ಕೆಳಗೆ ಕೆಂಪು ಗೆರೆ. ಬೊಮ್ಮಯ್ಯನ ಜೀವ ಉಳಿಸುವ ಸಾಲು ಎಂಟು ವರ್ಷ ಅವನ ತಲೆಯ ಮೇಲೆಯೇ, ಗುಡ್ಡದ ಮನೆಯಲ್ಲಿ, ರೇಷ್ಮೆ ಹೊದ್ದು ಮಲಗಿತ್ತು.

ಕೊನೆಗೆ ನಡುವಿನ ವಾಲ್ವಿನ ಹಾಳೆ ಸಿಕ್ಕಿತು. ದೊಡ್ಡ ಸಿಲ್ವರ್ ಓಕ್ ಮರದಿಂದ ಪೂರ್ವಕ್ಕೆ ನಾಲ್ಕು ಮಾರು, ಮೆಣಸಿನ ಬಳ್ಳಿ ಹಬ್ಬಿದ ಹಲಸಿನ ಮರದ ನೇರಕ್ಕೆ. ಖುಷಿಯಿಂದ ರವಿಯ ಕಡೆ ತಿರುಗಿದೆ. ಸಿಲ್ವರ್ ಎಲ್ಲಿದೆ ಯಾಕೂಬಣ್ಣ ಅಂದ. ಕಾಫಿ ರೇಟು ನೆಲ ಕಚ್ಚಿದ ವರ್ಷ ಸಿಲ್ವರ್ ಮರಗಳನ್ನೆಲ್ಲ ಪ್ಲೈವುಡ್ಡಿನವರಿಗೆ ಕೊಟ್ಟಿದ್ದನಲ್ಲ. ತೋಟದ ತುಂಬ ಬೊಡ್ಡೆಗಳೇ. ಯಾವುದು ದೊಡ್ಡದಾಗಿತ್ತು ಅಂತ ಬೊಡ್ಡೆಯನ್ನು ಕೇಳೋಣವೇ? ನಮ್ಮಲ್ಲಿ ಎಲ್ಲರೂ ಹಾಗೇ, ಗಡಿಗೂ ಮರ, ದಾರಿಗೂ ಮರ, ಬಾವಿಗೂ ಮರ ಹೇಳುವುದು. ಮರ ನಮಗಿಂತ ಗಟ್ಟಿ ಅಂದುಕೊಂಡಿರುತ್ತೇವೆ. ಕಡಿಯುವವರು ನಾವೇ ಅಂತ ಬರೆಯುವಾಗ ನೆನಪಾಗುವುದಿಲ್ಲ.

ನನಗೆ ಅಳು ಬಂತು, ಸುಳ್ಳು ಹೇಳುವುದಿಲ್ಲ. ಪುಸ್ತಕ ನೆಲಕ್ಕೆ ಹೊಡೆಯಲು ಎತ್ತಿದೆ. ಅಂಬುಜಕ್ಕ ಕಸಿದುಕೊಂಡರು. ಪೈಪಿನ ಬಾಯಿ ಎಲ್ಲಿ ಅಂತ ಬರೆದಿದಾನಾ ನೋಡೋಣ ಅಂತ ತಾವೇ ಹಾಳೆ ಹರಿದು ಹರಿದು ಓದಿದರು. ಸಿಕ್ಕಿತು. ಪುಟದ ಕೆಳಗೆ, ಸಣ್ಣ ಅಕ್ಷರದಲ್ಲಿ: ಎಮ್ಮೆಕಲ್ಲಿನ ಚೂಪು ಮೂತಿಯಿಂದ ಹಳ್ಳದ ಕಡೆಗೆ ನೇರ ಎರಡು ಮಾರು, ಇಲ್ಲಿ ಕಾಲು ಜಾರುತ್ತದೆ, ಎಚ್ಚರ. ನೀನು ಆ ಬಂಡೆಯ ಮೇಲಿಂದ ಜಾರಿ ಪ್ಯಾಂಟು ಹರಿದುಕೊಂಡಿದ್ದೆಯಲ್ಲ, ಆ ಸಿಟ್ಟಿಗೆ ಬರೆದದ್ದಿರಬೇಕು. ಅಷ್ಟು ದಪ್ಪ ಪುಸ್ತಕದಲ್ಲಿ ಮರ ಬಿಟ್ಟು ಬಂಡೆ ಹಿಡಿದು ಬರೆದದ್ದು ಅದೊಂದೇ. ಬಂಡೆಯನ್ನು ಪ್ಲೈವುಡ್ಡಿನವರು ಕೊಳ್ಳುವುದಿಲ್ಲ. ಕೆರೆಯ ನೀರಿನಲ್ಲಿ ಅದರ ಮೂತಿ ಇನ್ನೂ ಮೇಲಿತ್ತು.

ಗೋದಾಮಿನಿಂದ ಕಣದ ಟಾರ್ಪಲ್ ಎಳೆದು ತಂದೆವು. ನಾಲ್ಕು ಮೂಲೆಗೆ ಕಲ್ಲು ಕಟ್ಟಿದೆವು. ಪೈಪಿನ ಬಾಯಿಗೆ ಜಾಲರಿ ಇದೆ, ಟಾರ್ಪಲ್ ಹತ್ತಿರ ಹೋದರೆ ಸಾಕು, ನೀರೇ ಅದನ್ನು ಎಳೆದು ಮುಚ್ಚಿಕೊಳ್ಳುತ್ತದೆ ಅಂತ ನನ್ನ ಲೆಕ್ಕ. ಯಾರಾದರೂ ಒಯ್ಯಬೇಕು. ನಾನು ಅಂಗಿ ಬಿಚ್ಚುವಷ್ಟರಲ್ಲಿ, ಹೊಸ್ತಿಲಲ್ಲಿ ನಿಂತಿದ್ದ ಅದೇ ರವಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಟಾರ್ಪಲಿನ ಒಂದು ಮೂಲೆ ಹಿಡಿದು ಧುಮುಕಿಬಿಟ್ಟ. ಅಂಬುಜಕ್ಕ ಹಗ್ಗದ ತುದಿ ಹಿಡಿದು ಬಂಡೆಯ ಮೇಲೆ ಕೂತರು. ಒಂದು ಸಲ ಮೇಲೆ ಬಂದು ಸಿಕ್ಕಲಿಲ್ಲ ಅಂದ. ಮೂತಿಯ ನೇರಕ್ಕೆ ಹೋಗೋ, ನಿನ್ನ ಮೂತಿಯಲ್ಲ ಕಲ್ಲಿಂದು ಅಂತ ಅವರು ಗದರಿದರು. ಮತ್ತೆ ಮುಳುಗಿದ. ಟಾರ್ಪಲ್ ನಮ್ಮ ಕೈಯಿಂದ ಸರ್ರನೆ ಜಾರಿ ಒಳಗೆ ಹೋಯಿತು. ಕೆರೆಯ ಮೇಲಿದ್ದ ಎಲೆಗಳ ಓಟ ನಿಂತಿತು.

ಕೆಳಗೆ ಓಡಿ ಬಂದೆ. ಸಲಾಕೆ ಬಾಗಿತ್ತು, ನಲ್ಲಿ ನೀರಾಯಿತು, ಆಮೇಲೆ ಪೈಪು ಒಮ್ಮೆ ತೇಗಿ ಸುಮ್ಮನಾಯಿತು. ಆ ಮೌನ ಇದೆಯಲ್ಲ, ಮಾರಾಯ, ಅದಕ್ಕೆ ನಾನು ಹೆದರಿದಷ್ಟು ಯಾವುದಕ್ಕೂ ಹೆದರಿಲ್ಲ. ಬೊಮ್ಮಯ್ಯ ಕಟ್ಟೆಯಿಂದ ಜಾರಿ ಗದ್ದದವರೆಗೆ ನೀರಿನಲ್ಲಿ, ಮಾಡಿನ ತೊಲೆಯ ಕೊಂಡಿಯನ್ನು ಒಂದೇ ಕೈಯಲ್ಲಿ ಹಿಡಿದು ನೇತಾಡುತ್ತಿದ್ದ. ಕಣ್ಣು ತೆರೆದಿತ್ತು. ಅಷ್ಟರಲ್ಲಿ ಒದ್ದೆ ಬಟ್ಟೆಯಲ್ಲೇ ರವಿ ಓಡಿ ಬಂದ, ಇಬ್ಬರೂ ಸೇರಿ ಎಳೆದು ಹೊರಗೆ ಹಾಕಿದೆವು. ಒಂದಿಷ್ಟು ನೀರು ಕಾರಿ, ರವಿಯ ಮುಖ ನೋಡಿ ಅವನು ಆಡಿದ ಮೊದಲ ಮಾತು, ಅಯ್ಯಾ, ಈ ಕೋಣೆಗೆ ಒಂದೇ ಬಾಗಿಲು ಯಾಕಿಟ್ರಿ ಅಂತ.

ಆ ಪ್ರಶ್ನೆಗೆ ಉತ್ತರ ಕೊಡಬೇಕಾದ ನೀನು ಧಾರವಾಡದಲ್ಲಿದ್ದೀಯ.

ಅವನ ಲೆಕ್ಕ ಈಗ ಹೇಳುತ್ತೇನೆ. ಬಲ ಹೆಗಲು ಕೀಲು ತಪ್ಪಿದೆ, ಕೂರಿಸಿದ್ದಾರೆ. ಬಲ ಕಿವಿ ಕೇಳಿಸುವುದಿಲ್ಲ, ಮುಂದೆ ಕೇಳಿಸುತ್ತದೋ ಇಲ್ಲವೋ ಡಾಕ್ಟರು ಬಾಯಿ ಬಿಡುತ್ತಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಕೂತು ಒಂದೇ ಹಠ: ಎರಡನೇ ಬಾಗಿಲು ಇಡುವವರೆಗೆ ಬಂಗಾರ ಕೊಟ್ಟರೂ ಒಳಗೆ ಕಾಲಿಡುವುದಿಲ್ಲ. ಅವನ ಹೆಂಡತಿ ಪಾಪಮ್ಮ ಪಕ್ಕದಿಂದ, ಬಂಗಾರ ಕೊಟ್ರೆ ನನ್ ಕೈಲಿ ಕೊಡಿ, ಬಾಗಿಲಂತೂ ಬೇಕೇ ಬೇಕು ಅಂದಳು. ಗುಡ್ಡದ ಬದಿ ಕೊರೆದು ಬಾಗಿಲು ಇಡುವ ಕೆಲಸ ಶುರುವಾಗಿದೆ.

ಈಗ ನಿನ್ನ ಪುಸ್ತಕದ ಸಂಗತಿ. ನಾನು ಹೊಸದು ಬರೆದಿದ್ದೇನೆ, ನಾಲ್ಕೇ ಹಾಳೆ. ಮೊದಲ ಹಾಳೆಯ ಮೊದಲ ಸಾಲು: ಮೆಷಿನ್ ಕೂಗಿದರೆ ಏನು ಮಾಡಬೇಕು. ಗಣಪತಿ ಬೇಜಾರು ಮಾಡಿಕೊಳ್ಳುವುದಿಲ್ಲ, ವಿಘ್ನ ಬಂದಾಗ ಮೊದಲು ಬೇಕಾದದ್ದು ಮೊದಲಿದ್ದರೆ ಅವನಿಗೂ ಕೆಲಸ ಹಗುರ. ಬೊಮ್ಮಯ್ಯನಿಗೆ ಓದು ಬರುವುದಿಲ್ಲ, ಅದಕ್ಕೆ ಚಿತ್ರ ಬರೆದೆ. ಗುರುತುಗಳೆಲ್ಲ ಬಂಡೆಯಿಂದ, ಬಂಡೆಗಳ ಮೇಲೆ ಬಿಳಿ ಪೇಂಟಿನ ಬಾಣ. ನಡುವಿನ ವಾಲ್ವನ್ನು ನೆಲ ಅಗೆದು ಹುಡುಕಿ, ಅದರ ತಲೆಯನ್ನು ಮಣ್ಣಿನ ಮೇಲಕ್ಕೆ ಎತ್ತಿದ್ದೇನೆ. ಒಂದು ಪ್ರತಿ ಮೆಷಿನ್ ಮನೆಯ ಹೊರಗೋಡೆಗೆ, ಒಳಗೋಡೆಗಲ್ಲ, ತಗಡಿನ ಪೆಟ್ಟಿಗೆಯಲ್ಲಿ. ಒಂದು ಅಡಿಗೆಮನೆಯಲ್ಲಿ ಫೋನಿನ ಪಕ್ಕ. ಒಂದು ನನ್ನ ಅಂಗಡಿಯಲ್ಲಿ. ಏನಾದರೂ ಬದಲಾಯಿಸಿದವನು ಅವತ್ತೇ ಮೂರರಲ್ಲೂ ತಾರೀಕು ಹಾಕಿ ಬರೆಯಬೇಕು, ಅದು ಪೈಪಿರಲಿ, ಕೆರೆಯಿರಲಿ, ಮರವಿರಲಿ.

ಬರೆದ ಮೇಲೆ ಸರಿಯಿದೆಯೋ ನೋಡುವುದು ಹೇಗೆ? ನನಗೆ ಅರ್ಥವಾಗುತ್ತದೆ, ಬರೆದವನು ನಾನೇ. ರವಿಯ ಹೆಂಡತಿ ಪಂಚಮಿ ಅಂದು ತವರಿಗೆ ಹೋಗಿದ್ದವಳು ಬಂದಿದ್ದಾಳೆ. ಅವಳು ಆ ಕೋಣೆಗೆ ಒಮ್ಮೆಯೂ ಇಳಿದವಳಲ್ಲ. ಅವಳ ಕೈಗೆ ಹಾಳೆ ಕೊಟ್ಟು, ನಾನು ಬಾಯಿಗೆ ಬೀಗ ಹಾಕಿ ಹಿಂದೆ ನಿಂತೆ. ಎಡಕ್ಕೆ ತಿರುಗಿಸಿ ಅಂತ ಬರೆದಿದೀರಿ, ಯಾರ ಎಡಕ್ಕೆ ಯಾಕೂಬಣ್ಣ, ನಿಮ್ಮದಾ ನನ್ನದಾ ಅಂದಳು. ತಿದ್ದಿದೆ. ಮೆಲ್ಲಗೆ ಅಂದರೆ ಎಷ್ಟು ಮೆಲ್ಲಗೆ, ನಮ್ಮತ್ತೆಯ ಮೆಲ್ಲಗೆ ಬೇರೆ, ನನ್ನದು ಬೇರೆ ಅಂದಳು. ಅದನ್ನೂ ತಿದ್ದಿದೆ. ಅವಳು ನಿಂತಲ್ಲೆಲ್ಲ ನನ್ನ ಬರವಣಿಗೆ ಎಡವಿತ್ತು ಅಂತ ಅರ್ಥ. ಕೊನೆಗೆ ಯಾರನ್ನೂ ಕೇಳದೆ ವಾಲ್ವ್ ಮುಚ್ಚಿ ಮೇಲೆ ಬಂದಳು, ಅವತ್ತೇ ಬರೆಯುವುದನ್ನು ನಿಲ್ಲಿಸಿದೆ.

ನೀನು ಬಾ. ಹೊಸ ಚಕ್ರದ ಲೆಕ್ಕ ನಿನ್ನದೇ ಆಗಬೇಕು, ಅದು ನನಗೆ ಬರುವುದಿಲ್ಲ. ಬೊಮ್ಮಯ್ಯನನ್ನೂ ನೋಡು, ಎಡಗಡೆಗೆ ಕೂತು ಮಾತಾಡು.

ನಿನ್ನ
ಯಾಕೂಬ್

ಮರೆತದ್ದು: ಮೇಲೆ ಎಲ್ಲ ಬರೆದೆ, ಒಂದನ್ನು ಬರೆಯಲಿಲ್ಲ. ಅಕ್ಕ ಪುಸ್ತಕ ಕೈಗೆ ಕೊಟ್ಟಾಗ ಮೊದಲು ತೆರೆದುಕೊಂಡದ್ದು ಹೆಸರಿನ ಹಾಳೆ. ಯೋಜನೆ, ವಿನ್ಯಾಸ, ನಿರ್ಮಾಣ, ಬರವಣಿಗೆ: ವೆಂಕಟರಾಮ. ಕೆಳಗೆ ದೇವರಿಗೆ, ಅಕ್ಕನಿಗೆ, ಬೈಂಡು ಮಾಡಿದವನಿಗೆ ಕೃತಜ್ಞತೆ. ತಿರುಗಿಸಿ ಹಿಂದೆ ನೋಡಿದೆ, ಮುಂದೆ ನೋಡಿದೆ. ತೊಂದರೆಯಾದರೆ ಯಾರನ್ನು ಕರೆಯಬೇಕು ಎಂಬಲ್ಲೂ ನನ್ನ ಹೆಸರಿಲ್ಲ, ಅಂಥ ಜಾಗವೇ ಇಲ್ಲ. ಅಲ್ಲಿ ಒಬ್ಬ ಮುಳುಗುತ್ತಿದ್ದಾಗ ನಾನು ಇಲ್ಲಿ ನನ್ನ ಹೆಸರು ಹುಡುಕುತ್ತಾ ನಿಂತಿದ್ದೆ ವೆಂಕಟರಾಮ. ಅಕ್ಕ, ನಿಂತ್ಕೊಂಡು ಏನ್ ನೋಡ್ತೀಯಾ ಅಂತ ಗದರಿದ್ದು ಅದಕ್ಕೇ. ನಿನ್ನ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ಗಾಬರಿ ದೊಡ್ಡದು, ಇನ್ನೂ ಇಳಿದಿಲ್ಲ.

ಯಾರಿಗೆ ಏನು ಸಿಕ್ಕಿತು ಅಂತ ಕೂಡಿಸಿದೆ. ಬೊಮ್ಮಯ್ಯನಿಗೆ ಜೀವ, ಒಂದು ಬಾಗಿಲು. ಪಂಚಮಿಗೆ ಮೆಷಿನ್ ಮನೆಯ ಇನ್ನೊಂದು ಬೀಗದ ಕೈ. ರವಿಗೆ ನೆಗಡಿ. ಅಂಬುಜಕ್ಕನಿಗೆ ಹನ್ನೊಂದನೇ ದಿನ ಎರಡು ಸಲ ಸ್ನಾನ. ನಿನಗೆ ಈ ಕಾಗದ. ನನಗೆ, ನಾಲ್ಕನೇ ಹಾಳೆಯ ಕೊನೆಯಲ್ಲಿ ನಿನ್ನ ಹೆಸರಿನ ಪಕ್ಕ ನನ್ನದು. ನಿನ್ನದು ಶಾಯಿಯಲ್ಲಿದೆ, ನನ್ನದನ್ನು ಪೆನ್ಸಿಲಿನಲ್ಲಿ ಬರೆದಿದ್ದೇನೆ, ಶಾಯಿ ಹಾಕಬೇಕಾದವನು ನೀನು.